ಮಧ್ಯಾಹ್ನದ ಗಾಳಿ, ಉತ್ತರದ ದಾರಿ

ಬೇಸಿಗೆಯ ಕಡಲಗಾಳಿ ಬಿರುಸಾದೊಡನೆ ಪಶ್ಚಿಮ ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ ಕಾರಿನ ಮೇಲೆ ಉದ್ದುದ್ದ ದೋಣಿಗಳು ಏರುತ್ತವೆ. ಅಲೆಯ ಇಳಿಜಾರನ್ನೇ ದಾರಿ ಮಾಡಿಕೊಂಡು ದಂಡೆಗುಂಟ ಸಾಗುವ ಈ ವಿದ್ಯೆಗೆ ಬೇಕಾದ ಗಾಳಿ ನಮ್ಮ ಕರಾವಳಿಯಲ್ಲೂ ಬೀಸುತ್ತದೆ.

ಜನವರಿಯ ಪರ್ತ್‌ನಲ್ಲಿ ಬೆಳಗಿನ ಗಾಳಿ ಬರುವುದು ಒಳನಾಡಿನಿಂದ. ಮೂಡಣದ ಒಣ ಬಯಲುಗಳನ್ನು ದಾಟಿ ಬರುವ ಆ ಗಾಳಿ ಬಿಸಿಯನ್ನಷ್ಟೇ ಹೊತ್ತು ತರುತ್ತದೆ. ಅದು ನೆಲದಿಂದ ನೀರಿನ ಕಡೆಗೆ ಬೀಸುವುದರಿಂದ ದಂಡೆಯ ಬಳಿ ಕಡಲು ಸಪಾಟಾಗಿ ಮಲಗಿರುತ್ತದೆ. ಹತ್ತು ಗಂಟೆಗೇ ಡಾಂಬರು ಸುಡತೊಡಗುತ್ತದೆ. ಹನ್ನೊಂದು, ಹನ್ನೆರಡರ ಹೊತ್ತಿಗೆ ಮೂಡಣ ಗಾಳಿ ಸೋಲುತ್ತದೆ. ಕೆಲಹೊತ್ತು ಯಾವ ದಿಕ್ಕಿನಿಂದಲೂ ಉಸಿರಿಲ್ಲ. ಆಮೇಲೆ ನೈಋತ್ಯದಲ್ಲಿ ದೂರದ ನೀರು ಕಪ್ಪಿಡುತ್ತದೆ, ಅದರ ಮೇಲೆ ಅಲ್ಲೊಂದು ಇಲ್ಲೊಂದು ಬಿಳಿ ನೊರೆ ಕಾಣುತ್ತದೆ. ಫ್ರೀಮ್ಯಾಂಟಲ್ ಬಂದರಿನ ಬಾವುಟಗಳು ತಿರುಗಿ ಎದ್ದು ನಿಲ್ಲುತ್ತವೆ. ಉಷ್ಣಾಂಶ ಕೆಲವೇ ನಿಮಿಷಗಳಲ್ಲಿ ಹಲವು ಡಿಗ್ರಿ ಇಳಿಯುತ್ತದೆ. ಬೆಳಗ್ಗೆಯಿಂದ ಮುಚ್ಚಿಟ್ಟಿದ್ದ ಕಿಟಕಿಗಳನ್ನು ಮನೆಮನೆಯಲ್ಲಿ ತೆರೆಯುತ್ತಾರೆ.

ಈ ಗಾಳಿಗೆ ಫ್ರೀಮ್ಯಾಂಟಲ್ ಡಾಕ್ಟರ್ ಎಂದು ಹೆಸರು. ಊರಿನವರ ಬಾಯಲ್ಲಿ ಬರೀ ಡಾಕ್ಟರ್. ಅದು ಬರದ ದಿನಗಳೂ ಉಂಟು. 2022ರ ಜನವರಿಯಲ್ಲಿ ಸತತ ಆರು ದಿನ ಪರ್ತ್‌ನ ಬಿಸಿ 40 ಡಿಗ್ರಿ ದಾಟಿತ್ತು. ಅಂಥ ದಿನಗಳಲ್ಲಿ ಇಡೀ ನಗರ ಪಡುವಣಕ್ಕೆ ಮುಖಮಾಡಿ ಕಾಯುತ್ತದೆ.

ಬಹುತೇಕ ಜನರಿಗೆ ಡಾಕ್ಟರ್ ಎಂದರೆ ತಂಪು. ಕೆಲವರಿಗೆ ಮಾತ್ರ ಅದು ರಸ್ತೆ. ದಕ್ಷಿಣದ ದಂಡೆಯಲ್ಲಿ ನೀರಿಗಿಳಿದು, ಬೆನ್ನಿಗೆ ಬೀಳುವ ಗಾಳಿ ಎಬ್ಬಿಸಿದ ಅಲೆಗಳನ್ನು ಒಂದಾದ ಮೇಲೊಂದು ಹಿಡಿಯುತ್ತ, ಇಪ್ಪತ್ತು ಇಪ್ಪತ್ತೈದು ಕಿಲೋಮೀಟರ್ ಉತ್ತರಕ್ಕೆ ಹೋಗಿ ದಡ ಸೇರುವುದು ಇವರ ಸಂಜೆಯ ಕೆಲಸ. ಡೌನ್‌ವಿಂಡ್ ಪ್ಯಾಡ್ಲಿಂಗ್ ಎಂದು ಕರೆಯುವ ಈ ಕ್ರೀಡೆಗೆ ಜಗತ್ತಿನಲ್ಲಿ ಹೆಸರಾದ ಜಾಗಗಳು ಕೆಲವೇ. ಹವಾಯಿಯ ಮೊಲೊಕಾಯಿ ಕಾಲುವೆ ಒಂದು, ಕೇಪ್‌ಟೌನ್ ಬಳಿಯ ಫಾಲ್ಸ್ ಬೇ ಇನ್ನೊಂದು. ದಿನನಿತ್ಯದ ಅಭ್ಯಾಸಕ್ಕೆ ಪರ್ತ್‌ಗಿಂತ ಒಳ್ಳೆಯ ಕಡಲಿಲ್ಲ ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಕಾರಣ ಗಾಳಿಯ ಬಲಕ್ಕಿಂತ ಹೆಚ್ಚಾಗಿ ಅದರ ದಿಕ್ಕು.

ಗಾಳಿ ದಂಡೆಗುಂಟ ಬೀಸುವುದೇಕೆ?

ಬಿಸಿಲಿಗೆ ನೆಲ ಬೇಗ ಕಾಯುತ್ತದೆ, ನೀರು ನಿಧಾನ. ನೆಲದ ಮೇಲಿನ ಗಾಳಿ ಹಗುರಾಗಿ ಮೇಲೇಳುತ್ತದೆ, ಆ ಜಾಗ ತುಂಬಲು ಕಡಲಿನ ತಣ್ಣನೆಯ ಗಾಳಿ ಒಳನುಗ್ಗುತ್ತದೆ. ಇಷ್ಟನ್ನು ಶಾಲೆಯಲ್ಲೇ ಓದಿರುತ್ತೇವೆ. ಆದರೆ ಇಷ್ಟೇ ಆಗಿದ್ದರೆ ಕಡಲಗಾಳಿ ದಂಡೆಗೆ ನೇರ ಅಡ್ಡಲಾಗಿ ಬೀಸಿ, ದೋಣಿಯನ್ನು ಮರಳಿನ ಮೇಲೆ ತಂದು ಹಾಕುತ್ತಿತ್ತು. ದಂಡೆಗುಂಟ ಪಯಣಿಸಲು ಅದು ಯಾವ ಉಪಯೋಗಕ್ಕೂ ಬರುತ್ತಿರಲಿಲ್ಲ.

ಭೂಮಿ ತಿರುಗುತ್ತಿರುವುದರಿಂದ, ಹರಿಯುವ ಗಾಳಿ ದಕ್ಷಿಣಾರ್ಧ ಗೋಳದಲ್ಲಿ ತನ್ನ ಎಡಕ್ಕೆ ವಾಲುತ್ತದೆ. ಪರ್ತ್‌ನ ಕರಾವಳಿ ಹೆಚ್ಚುಕಡಿಮೆ ದಕ್ಷಿಣೋತ್ತರವಾಗಿ ಚಾಚಿದೆ. ಪಡುವಣದಿಂದ ಮೂಡಣಕ್ಕೆ ಹೊರಟ ಗಾಳಿ ಎಡಕ್ಕೆ ವಾಲಿದರೆ ಉತ್ತರದ ಕಡೆ ತಿರುಗಿದಂತಾಯಿತು. ಹಾಗಾಗಿ ಮಧ್ಯಾಹ್ನ ನೈಋತ್ಯದಿಂದ ಬಂದ ಡಾಕ್ಟರ್ ಸಂಜೆ ಸಮೀಪಿಸಿದಂತೆ ದಕ್ಷಿಣಕ್ಕೆ ಇನ್ನಷ್ಟು ಸರಿದು, ದಂಡೆಯ ಗೆರೆ ಹಿಡಿದೇ ಬೀಸತೊಡಗುತ್ತದೆ. ಇದಕ್ಕೆ ಬೇಸಿಗೆಯ ಹವಾಮಾನವೂ ಕೈಜೋಡಿಸುತ್ತದೆ. ಆ ಕಾಲದಲ್ಲಿ ಪಶ್ಚಿಮ ತೀರದುದ್ದಕ್ಕೂ ಕಡಿಮೆ ಒತ್ತಡದ ಒಂದು ಪಟ್ಟಿ ನಿಂತಿರುತ್ತದೆ. ಅದು ಒಳನಾಡಿಗೆ ಸರಿದ ದಿನ ಗಾಳಿಗೆ ಬಲ ಬರುತ್ತದೆ. ದಂಡೆಯಿಂದಾಚೆ ಕಡಲಿನ ಮೇಲೆಯೇ ಕದಲದೆ ನಿಂತರೆ ಡಾಕ್ಟರ್ ತಡವಾಗಿ ಬರುತ್ತಾನೆ, ಇಲ್ಲವೇ ಬರುವುದೇ ಇಲ್ಲ. ಚೆನ್ನಾಗಿ ಬೀಸಿದ ದಿನ ವೇಗ 15ರಿಂದ 20 ನಾಟ್, ಎಂದರೆ ಗಂಟೆಗೆ 28ರಿಂದ 37 ಕಿಲೋಮೀಟರ್. ಅದಕ್ಕೂ ಮೀರುವ ದಿನಗಳಿವೆ.

ಈ ನೆಲದ ಮೂಲನಿವಾಸಿಗಳಾದ ನೂಂಗಾರ್ ಜನ ವರ್ಷವನ್ನು ಆರು ಋತುಗಳಾಗಿ ಎಣಿಸುತ್ತಾರೆ. ಡಿಸೆಂಬರ್, ಜನವರಿಯ ಋತುವಿಗೆ ಬಿರಕ್ ಎಂದು ಹೆಸರು. ಬೆಳಗ್ಗೆ ಮೂಡಣ ಗಾಳಿ, ಮಧ್ಯಾಹ್ನ ಕಡಲಗಾಳಿ ಎಂಬ ಈ ಜೋಡಿಯೇ ಆ ಋತುವಿನ ಗುರುತು. ಹವಾಮಾನ ಇಲಾಖೆ ಹುಟ್ಟುವುದಕ್ಕೆ ಸಾವಿರಾರು ವರ್ಷ ಮೊದಲೇ ಈ ಗಾಳಿಯ ವೇಳಾಪಟ್ಟಿ ಇಲ್ಲಿನವರಿಗೆ ಗೊತ್ತಿತ್ತು.

ಹೊರಜಗತ್ತಿಗೆ ಇದರ ಪರಿಚಯವಾದದ್ದು ಹಾಯಿದೋಣಿಗಳಿಂದ. 1983ರಲ್ಲಿ ‘ಆಸ್ಟ್ರೇಲಿಯಾ 2’ ದೋಣಿ ಅಮೆರಿಕಾಸ್ ಕಪ್ ಗೆದ್ದು, ಅಮೆರಿಕದ 132 ವರ್ಷಗಳ ಹಿಡಿತವನ್ನು ಮುರಿಯಿತು. ಗೆದ್ದವರ ಕಡಲಿನಲ್ಲೇ ಮುಂದಿನ ಪಂದ್ಯ ನಡೆಯಬೇಕಾದ್ದರಿಂದ 1987ರ ಪಂದ್ಯ ಫ್ರೀಮ್ಯಾಂಟಲ್ ಎದುರಿನ ನೀರಿನಲ್ಲಿ ನಡೆಯಿತು. ಕಪ್ಪನ್ನು ಮರಳಿ ಒಯ್ಯಲು ಬಂದ ಅಮೆರಿಕದ ಡೆನ್ನಿಸ್ ಕಾನರ್ ಬಿರುಗಾಳಿಗೆಂದೇ ಕಟ್ಟಿಸಿದ ದೋಣಿ ತಂದಿದ್ದರು, ಹವಾಯಿಯ ಗಾಳಿಯಲ್ಲಿ ಅಭ್ಯಾಸ ಮಾಡಿದ್ದರು. ಅವರ ‘ಸ್ಟಾರ್ಸ್ ಅಂಡ್ ಸ್ಟ್ರೈಪ್ಸ್’ ಆಸ್ಟ್ರೇಲಿಯಾದ ‘ಕೂಕಬುರಾ 3’ ದೋಣಿಯನ್ನು 4–0ಯಿಂದ ಸೋಲಿಸಿತು. ಗಾಳಿ ಆಸ್ಟ್ರೇಲಿಯಾದ್ದು, ಅದನ್ನು ಹೆಚ್ಚು ಚೆನ್ನಾಗಿ ಓದಿದವರು ಹೊರಗಿನವರು.

ಆರು ಮೀಟರ್ ದೋಣಿ, ಒಂದೂವರೆ ಅಡಿ ಅಗಲ

ಇಲ್ಲಿ ಬಳಸುವ ದೋಣಿಗೆ ಸರ್ಫ್‌ಸ್ಕೀ ಎನ್ನುತ್ತಾರೆ. ಉದ್ದ ಸುಮಾರು 6.4 ಮೀಟರ್. ಸ್ಪರ್ಧೆಯ ದೋಣಿಯ ಅಗಲ 45 ಸೆಂಟಿಮೀಟರ್ ಆಸುಪಾಸು, ಕುಳಿತರೆ ಎರಡೂ ಕಡೆ ಸೊಂಟಕ್ಕೆ ತಾಗುವಷ್ಟು. ಕಾರ್ಬನ್ ನಾರಿನಿಂದ ಮಾಡಿದ ಸ್ಕೀ ಹತ್ತು ಹನ್ನೆರಡು ಕಿಲೋ ತೂಗುತ್ತದೆ, ಒಬ್ಬರೇ ಹೆಗಲ ಮೇಲೆ ಹೊತ್ತು ಮರಳಿನಲ್ಲಿ ನಡೆಯಬಹುದು. ಕಯಾಕ್‌ನಲ್ಲಿ ಕಾಲು ಒಳಗಿಟ್ಟು ಕೂರಬೇಕು. ಇದರಲ್ಲಿ ಮೇಲ್ಮೈಯಲ್ಲೇ ತೋಡಿದ ಕುಳಿಯಲ್ಲಿ ಕೂರುತ್ತಾರೆ. ಮಗುಚಿದರೆ ಸಿಕ್ಕಿಕೊಳ್ಳುವ ಭಯವಿಲ್ಲ, ಕೆಳಗೆ ಬಿದ್ದು ಮತ್ತೆ ಹತ್ತಿದರಾಯಿತು. ಕುಳಿಯಲ್ಲಿ ತುಂಬಿದ ನೀರು, ದೋಣಿ ಓಡುತ್ತಿದ್ದಂತೆ ಅಡಿಯ ತೂತಿನಿಂದ ತಾನಾಗಿ ಹೊರಹೋಗುತ್ತದೆ. ಚುಕ್ಕಾಣಿ ಪಾದದ ಕೆಳಗಿನ ಪೆಡಲ್‌ಗಳಲ್ಲಿದೆ. ಕೈಯಲ್ಲಿ ಎರಡು ಕಡೆಯೂ ಅಲಗಿರುವ ಹುಟ್ಟು.

ಇದರ ಮೂಲ ನ್ಯೂ ಸೌತ್ ವೇಲ್ಸ್‌ನ ಪೋರ್ಟ್ ಮಕ್ವಾರಿ. ಹ್ಯಾರಿ ಮೆಕ್‌ಲಾರೆನ್ ಮತ್ತು ಅವರ ಸೋದರ ಜ್ಯಾಕ್ 1912ರ ಸುಮಾರಿಗೆ ತಮ್ಮ ಮನೆತನದ ಸಿಂಪಿ ಸಾಕಣೆಯ ನೀರಿನಲ್ಲಿ ಓಡಾಡಲು ಮರದ ಇಂಥ ಸ್ಕೀ ಕಟ್ಟಿಕೊಂಡರು. ಅಲೆಯ ಮೇಲೂ ಅದು ಜಾರಬಲ್ಲದು ಎಂದು ಗೊತ್ತಾಯಿತು. ಮುಂದೆ ಕಡಲತೀರದ ಜೀವರಕ್ಷಕ ಸಂಘಗಳು ಅದನ್ನು ಮುಳುಗುವವರನ್ನು ಎತ್ತಿ ತರಲು ಬಳಸಿದವು. ಜೀವ ಉಳಿಸುವ ಸಾಧನ ಕ್ರಮೇಣ ಉದ್ದವಾಗಿ, ತೆಳ್ಳಗಾಗಿ, ತೆರೆದ ಕಡಲಿನ ಓಟಕ್ಕೆ ಇಳಿಯಿತು. ದಕ್ಷಿಣ ಆಫ್ರಿಕಾದ ಆಸ್ಕರ್ ಚಲುಪ್ಸ್ಕಿ 1983ರಲ್ಲಿ ಮೊದಲ ಬಾರಿಗೆ ಮೊಲೊಕಾಯಿ ಓಟ ಗೆದ್ದರು, 2012ರಲ್ಲಿ ಹನ್ನೆರಡನೆಯ ಬಾರಿ. ಇಪ್ಪತ್ತರ ತೋಳು ಮತ್ತು ನಲವತ್ತೊಂಬತ್ತರ ತೋಳು ಒಂದೇ ಕಾಲುವೆಯನ್ನು ಗೆಲ್ಲಬಹುದಾದರೆ ಈ ಓಟದಲ್ಲಿ ತೋಳಿಗಿಂತ ದೊಡ್ಡದೇನೋ ಇದೆ.

ಆ ದೊಡ್ಡದು ನೀರನ್ನು ಓದುವುದು.

ಮುಂದಿನ ತಗ್ಗು

ಸರ್ಫ್‌ಸ್ಕೀಯ ಮೇಲೆ ಗಟ್ಟಿಗನೊಬ್ಬ ಸಪಾಟು ನೀರಿನಲ್ಲಿ ಗಂಟೆಗೆ 12–13 ಕಿಲೋಮೀಟರ್ ಹೋಗಬಲ್ಲ. ಅದೇ ಮನುಷ್ಯ, ಅದೇ ದೋಣಿ, ಡಾಕ್ಟರ್ ಎಬ್ಬಿಸಿದ ಅಲೆಯ ಇಳಿಜಾರಿನಲ್ಲಿ 20 ದಾಟುತ್ತದೆ, ಅದೂ ಹುಟ್ಟು ಎತ್ತಿ ಹಿಡಿದಿರುವಾಗ. ಗಾಳಿ ಬೆನ್ನನ್ನು ದೂಡುವುದರಿಂದ ಸಿಗುವ ಲಾಭ ಇದರಲ್ಲಿ ಅಲ್ಪ. ದೋಣಿಯನ್ನು ಓಡಿಸುವುದು ಗುರುತ್ವ. ಅಲೆ ಹಿಂಭಾಗವನ್ನು ಎತ್ತುತ್ತದೆ, ಮೂತಿ ತಗ್ಗಿಗೆ ಬಾಗುತ್ತದೆ, ದೋಣಿ ಕೆಳಕ್ಕೆ ಜಾರುತ್ತದೆ.

ಗಾಳಿ ತಿರುಗಿದೊಡನೆ ನೀರಿಗೆ ಹಾರಬಾರದು. ಅಲೆ ಬೆಳೆಯಲು ಹೊತ್ತು ಬೇಕು, ಗಾಳಿ ಓಡಲು ನೀರಿನ ಉದ್ದವೂ ಬೇಕು. ಮೊದಲ ಗಂಟೆಯಲ್ಲಿ ಏಳುವುದು ಮೊನಚಾದ, ಒತ್ತೊತ್ತಾದ ಪುಟ್ಟ ತೆರೆಗಳು. ಆರು ಮೀಟರ್ ದೋಣಿ ಅವುಗಳ ನಡುವೆ ಹಿಡಿಸುವುದೇ ಇಲ್ಲ. ಎರಡು ಮೂರು ಗಂಟೆ ಎಡೆಬಿಡದೆ ಬೀಸಿದ ಮೇಲೆ ಅಲೆಯಿಂದ ಅಲೆಗೆ ನಾಲ್ಕು ಸೆಕೆಂಡು ಅಂತರ ಬರುತ್ತದೆ. ಆಳ ನೀರಿನಲ್ಲಿ ನಾಲ್ಕು ಸೆಕೆಂಡಿನ ಅಲೆಯ ಉದ್ದ ಸುಮಾರು 25 ಮೀಟರ್, ವೇಗ ಗಂಟೆಗೆ 22 ಕಿಲೋಮೀಟರ್ ಹತ್ತಿರ. ಐದು ಸೆಕೆಂಡಿನದಾದರೆ 28. ಕಚೇರಿ ಮುಗಿಸಿ ಬರುವವರಿಗೆ ಇದು ಹೇಳಿ ಮಾಡಿಸಿದ ಹೊತ್ತು. ಜನವರಿಯಲ್ಲಿ ಸೂರ್ಯ ಮುಳುಗುವುದು ಏಳು ಗಂಟೆ ದಾಟಿದ ಮೇಲೆ.

ಈ ಗಾಳಿಯಲೆಗಳ ಕೆಳಗೆ ಇನ್ನೊಂದು ಪದರವಿದೆ. ದೂರದ ದಕ್ಷಿಣ ಸಾಗರದ ಬಿರುಗಾಳಿಗಳಲ್ಲಿ ಹುಟ್ಟಿ ಸಾವಿರಾರು ಕಿಲೋಮೀಟರ್ ಸಾಗಿ ಬಂದ ಉಬ್ಬಲೆಗಳವು. ಹದಿನಾಲ್ಕು ಸೆಕೆಂಡಿನ ಉಬ್ಬಲೆ ಆಳ ಕಡಲಿನಲ್ಲಿ ಗಂಟೆಗೆ 80 ಕಿಲೋಮೀಟರ್ ಹತ್ತಿರ ಓಡುತ್ತದೆ. ಅದನ್ನು ಹುಟ್ಟು ಹಾಕಿ ಹಿಡಿಯಲಾಗದು. ಆದರೆ ಅದು ಅಡಿಯಿಂದ ಹಾದುಹೋಗುವಾಗ ಮೇಲಿನ ಚಿಕ್ಕ ಅಲೆಗಳನ್ನು ಒಮ್ಮೆ ಕಡಿದಾಗಿಸುತ್ತದೆ, ಒಮ್ಮೆ ಚಪ್ಪಟೆಯಾಗಿಸುತ್ತದೆ. ಕಡಿದಾದ ಕ್ಷಣದಲ್ಲಿ ತಯಾರಿದ್ದವರಿಗೆ ಓಟ ಸಿಗುತ್ತದೆ.

ಹೊಸಬರು ಹಿಂದೆ ತಿರುಗಿ ನೋಡುತ್ತಾರೆ. ಅಲೆ ಹಿಂದಿನಿಂದ ಬರುವುದರಿಂದ ಅದು ಸಹಜ. ಬಲ್ಲವರು ನೋಡುವುದು ಮುಂದಿನ ತಗ್ಗನ್ನು. ಹತ್ತಿಪ್ಪತ್ತು ಮೀಟರ್ ಮುಂದೆ ಎಲ್ಲಿ ನೀರು ಕುಸಿಯುತ್ತಿದೆಯೋ ಅಲ್ಲಿಗೆ ಮೂತಿ ತಿರುಗಿಸಬೇಕು. ಮುಂದೆ ತಗ್ಗು ಬಿದ್ದಿದ್ದರೆ ಹಿಂದೆ ಅಲೆ ಎದ್ದೇ ಇರುತ್ತದೆ, ಅದನ್ನು ನೋಡಿ ಖಚಿತಪಡಿಸಿಕೊಳ್ಳುವ ಅಗತ್ಯವಿಲ್ಲ. ಬೆನ್ನ ಕೆಳಗೆ ದೋಣಿ ಏರುವುದು ಕುಳಿತ ಜಾಗಕ್ಕೇ ತಿಳಿಯುತ್ತದೆ. ಮೂತಿ ಬಾಗಿದ ಆ ಗಳಿಗೆಯಲ್ಲಿ ಮೂರು ನಾಲ್ಕು ಬಲವಾದ ಹೊಡೆತ, ದೋಣಿ ಕಳಚಿಕೊಂಡು ಓಡಿತೋ, ಕೈ ನಿಲ್ಲಬೇಕು. ಮೂತಿ ಮೇಲಕ್ಕಿದ್ದಾಗ, ಎಂದರೆ ಮುಂದಿನ ಅಲೆಯ ಬೆನ್ನು ಎದುರಿಗಿದ್ದಾಗ, ಎಷ್ಟು ತಿಣುಕಿದರೂ ಅದು ಗುಡ್ಡ ಹತ್ತುವ ಕೆಲಸ. ಉಸಿರು ಅಲ್ಲಿಯೇ ಖರ್ಚಾಗಿಹೋಗುತ್ತದೆ.

ಇಳಿಜಾರು ಕೊನೆಗೊಂಡು ಮೂತಿ ಮುಂದಿನ ಅಲೆಗೆ ನುಗ್ಗುವ ಮೊದಲೇ ಕಾಲಿನ ಪೆಡಲ್ ಒತ್ತಿ ತಗ್ಗಿನ ಗುಂಟ ಎಡಕ್ಕೋ ಬಲಕ್ಕೋ ಹೊರಳಬೇಕು. ಅಲೆಗಳು ಗೆರೆ ಎಳೆದ ಸಾಲುಗಳಲ್ಲ, ಅವುಗಳ ನಡುವೆ ಬಿರುಕುಗಳಿರುತ್ತವೆ. ಆ ಬಿರುಕಿನೊಳಗೆ ನುಸುಳಿದರೆ ಮುಂದಿನ ಅಲೆಯ ಇಳಿಜಾರು. ಇದಾದ ಮೇಲೆ ಅದು, ಅದಾದ ಮೇಲೆ ಮತ್ತೊಂದು. ಹೀಗೆ ಏಳೆಂಟು ಓಟಗಳು ಕಡಿಯದೆ ಕೂಡಿಬಂದ ದಿನ, ದಡದಲ್ಲಿ ದೋಣಿ ಹೊತ್ತು ನಡೆಯುವವರ ಮುಖ ನೋಡಿದರೆ ಸಾಕು, ಏನಾಯಿತೆಂದು ಕೇಳಬೇಕಾಗಿಲ್ಲ.

ಇಲ್ಲೊಂದು ಸೊಗಸಾದ ಭೌತಶಾಸ್ತ್ರವಿದೆ. ನೀವು ಹಿಡಿದ ಒಳ್ಳೆಯ ಅಲೆ ಸ್ವಲ್ಪ ದೂರ ಹೋಗಿ ಏಕೋ ಕರಗಿಬಿಡುತ್ತದೆ. ತಪ್ಪು ನಿಮ್ಮದಲ್ಲ. ಅಲೆಗಳು ಗುಂಪಾಗಿ ಸಾಗುತ್ತವೆ, ಆಳ ನೀರಿನಲ್ಲಿ ಗುಂಪಿನ ವೇಗ ಒಂದೊಂದು ಅಲೆಯ ವೇಗದ ಅರ್ಧ ಮಾತ್ರ. ತೇರು ನಿಧಾನ ಸಾಗುತ್ತಿರುವಾಗ ಅದರ ಸುತ್ತಲ ಜನಜಂಗುಳಿಯ ಹಿಂತುದಿಯಲ್ಲಿ ಹೊಕ್ಕ ಹುಡುಗರು ಒಳಗೊಳಗೇ ಓಡಿ ಮುಂತುದಿಯಲ್ಲಿ ಹೊರಬಿದ್ದು ಕಾಣೆಯಾಗುತ್ತಾರಲ್ಲ, ಹಾಗೆ ಅಲೆ ಗುಂಪಿನ ಹಿಂದೆ ಹುಟ್ಟಿ, ನಡುವೆ ಬೆಳೆದು, ಮುಂದೆ ಸಾಯುತ್ತದೆ. ನಾಲ್ಕು ಸೆಕೆಂಡಿನ ಅಲೆಗಳ ಗುಂಪು ಗಂಟೆಗೆ ಹನ್ನೊಂದು ಕಿಲೋಮೀಟರ್‌ನಂತೆ ನಡೆಯುತ್ತದೆ. ಸರ್ಫ್‌ಸ್ಕೀಯ ಸಾಧಾರಣ ವೇಗ ಅದಕ್ಕೆ ಬಹಳ ಹತ್ತಿರ! ಹಾಗಾಗಿ ಗುಂಪಿನ ಮುಂತುದಿಯಲ್ಲಿ ಅಲೆ ಕರಗಿದಾಗ ಗಾಬರಿಯಾಗಿ ಹುಟ್ಟು ಬಡಿಯದೆ ಒಂದೆರಡು ಗಳಿಗೆ ತಡೆದರೆ ಗುಂಪಿನ ಎತ್ತರದ ನಡುಭಾಗ ತಾನಾಗಿ ಬಂದು ದೋಣಿಯನ್ನು ಎತ್ತಿಕೊಳ್ಳುತ್ತದೆ. ಅನುಭವಿಗಳ ತಾಳ್ಮೆಯ ಹಿಂದಿರುವ ಲೆಕ್ಕ ಇದು. ಹೆಚ್ಚಿನವರು ಈ ಲೆಕ್ಕ ಮಾಡಿದವರಲ್ಲ. ಅವರ ಸೊಂಟ ಅದನ್ನು ಕಲಿತಿದೆ.

ಫ್ರೀಮ್ಯಾಂಟಲ್‌ನಿಂದ ಸೊರೆಂಟೊಗೆ

ದಾರಿ ಸರಳ. ಒಂದು ಕಾರನ್ನು ಉತ್ತರದ ಸೊರೆಂಟೊ ದಂಡೆಯಲ್ಲಿ ಬಿಟ್ಟು, ಇನ್ನೊಂದರ ಮೇಲೆ ದೋಣಿಗಳನ್ನು ಕಟ್ಟಿಕೊಂಡು ದಕ್ಷಿಣಕ್ಕೆ ಬರುತ್ತಾರೆ. ಫ್ರೀಮ್ಯಾಂಟಲ್ ಬಂದರಿನ ಉತ್ತರಕ್ಕೆ ನೀರಿಗಿಳಿದರೆ ಬಲಕ್ಕೆ ಕಾಟ್ಸ್‌ಲೋ, ಸ್ವಾನ್‌ಬೋರ್ನ್, ಸಿಟಿ ಬೀಚ್, ಸ್ಕಾರ್ಬರೊ, ಟ್ರಿಗ್ ಒಂದೊಂದಾಗಿ ಹಿಂದೆ ಸರಿಯುತ್ತವೆ. ಬಂದರಿನ ಕಲ್ಲುಗೋಡೆಗೆ ಬಡಿದ ಅಲೆ ಹಿಂದಿರುಗಿ ಎದುರು ಅಲೆಯಾಗುವುದರಿಂದ ಅದರ ಬಳಿ ನೀರು ಕಲಕಿರುತ್ತದೆ. ಸುಣ್ಣಕಲ್ಲಿನ ಬಂಡೆಸಾಲುಗಳು ಅಲ್ಲಲ್ಲಿ ನೀರಿನಡಿ ಅಡಗಿವೆ, ಅವುಗಳ ಮೇಲೆ ದೊಡ್ಡ ಉಬ್ಬಲೆ ಏಕಾಏಕಿ ಒಡೆಯುತ್ತದೆ. ಟ್ರಿಗ್ ದಾಟಿದರೆ ಮಾರ್ಮಿಯನ್ ಸಾಗರ ಉದ್ಯಾನ, 1987ರಲ್ಲಿ ಘೋಷಿತವಾದ ಪಶ್ಚಿಮ ಆಸ್ಟ್ರೇಲಿಯಾದ ಮೊದಲ ಸಾಗರ ಉದ್ಯಾನ.

ಇಲ್ಲಿಯ ಅತಿ ದೊಡ್ಡ ಓಟದ ಹೆಸರೂ ‘ದಿ ಡಾಕ್ಟರ್’. ರಾಟ್‌ನೆಸ್ಟ್ ದ್ವೀಪದಿಂದ ಸೊರೆಂಟೊಗೆ 27 ಕಿಲೋಮೀಟರ್. ಅದು ನಡೆಯುವ ವಾರ ಜಗತ್ತಿನ ಅಗ್ರಗಣ್ಯ ಹುಟ್ಟುಗಾರರು ಪರ್ತ್‌ಗೆ ಬರುತ್ತಾರೆ. ಓಟ ಶುರುವಾಗುವ ದ್ವೀಪವನ್ನು ಮಾತ್ರ ಬರೀ ಗೆರೆಯೆಂದು ನೋಡಬಾರದು. ನೂಂಗಾರರಿಗೆ ಅದು ವಾಡ್ಜೆಮಪ್. ಸುಮಾರು 7,000 ವರ್ಷಗಳ ಹಿಂದೆ ಕಡಲು ಏರಿ ಅದನ್ನು ನೆಲದಿಂದ ಬೇರ್ಪಡಿಸಿತು. 1838ರಿಂದ 1931ರವರೆಗೆ ಅಲ್ಲಿ ಮೂಲನಿವಾಸಿ ಗಂಡಸರನ್ನೂ ಹುಡುಗರನ್ನೂ ಸೆರೆಯಿಟ್ಟು ದುಡಿಸಿದರು, ನೂರಾರು ಮಂದಿ ಅಲ್ಲೇ ಸತ್ತು ಮಣ್ಣಾದರು. ಇಂದು ರಜೆಗೆ ಹೋಗುವವರು ಆ ಸಮಾಧಿ ನೆಲದ ಪಕ್ಕದಲ್ಲೇ ಹಾದುಹೋಗುತ್ತಾರೆ. ಈ ಕಡಲಿನ ಬಗ್ಗೆ ಬರೆಯುವವರು ಅದನ್ನು ಬಿಟ್ಟು ಬರೆಯುವುದು ಸರಿಯಲ್ಲ.

ಅಪಾಯದ ಮಾತು ಚಿಕ್ಕದಾಗಿಯೇ ಹೇಳಬಹುದು, ಏಕೆಂದರೆ ಅದರ ತಿರುಳು ಒಂದೇ ಹಗ್ಗದಲ್ಲಿದೆ. 20 ನಾಟ್ ಗಾಳಿಯಲ್ಲಿ ಖಾಲಿ ಸ್ಕೀ, ಬಿದ್ದವನು ಈಜುವುದಕ್ಕಿಂತ ವೇಗವಾಗಿ ಉರುಳಿಕೊಂಡು ಹೋಗುತ್ತದೆ. ಮೈಗೆ ದೋಣಿಯನ್ನು ಕಟ್ಟಿದ ಹಗ್ಗವಿಲ್ಲದಿದ್ದರೆ ಐದೇ ಸೆಕೆಂಡಿನಲ್ಲಿ ದೋಣಿ ಕೈತಪ್ಪುತ್ತದೆ. ಆಮೇಲೆ ಉಳಿಯುವುದು ನೊರೆಯ ನಡುವೆ ಒಂದು ತಲೆ, ಹೆಲಿಕಾಪ್ಟರ್‌ನಿಂದ ನೋಡಿದರೂ ಕಾಣುವುದು ಕಷ್ಟ. ಹಗ್ಗ, ಲೈಫ್ ಜಾಕೆಟ್, ಮೈಮೇಲೆಯೇ ಇರುವ ಫೋನು ಅಥವಾ ರೇಡಿಯೊ, ಕಣ್ಣಿಗೆ ಹೊಡೆಯುವ ಬಣ್ಣದ ಅಂಗಿ, ಜೊತೆಗೆ ಇನ್ನೊಬ್ಬರು. ಬೀಳುವುದನ್ನೂ ಮತ್ತೆ ಹತ್ತುವುದನ್ನೂ ಮೊದಲು ದಡದ ಬಳಿ, ಆಮೇಲೆ ಗಾಳಿಯಲ್ಲಿ ಕಲಿಯದವರು ಬಂದರು ದಾಟಿ ಹೋಗಬಾರದು. ಶಾರ್ಕ್‌ಗಳು ಈ ನೀರಿನಲ್ಲಿವೆ, ಜನ ಪ್ರಾಣ ಕಳೆದುಕೊಂಡಿದ್ದಾರೆ. ಗುರುತಿನ ಬಿಲ್ಲೆ ಹಾಕಿದ ಶಾರ್ಕ್‌ಗಳು ಹತ್ತಿರ ಬಂದರೆ ತಿಳಿಸುವ ಗ್ರಾಹಕ ಯಂತ್ರಗಳನ್ನು ತೀರದುದ್ದಕ್ಕೂ ಇರಿಸಿದ್ದಾರೆ.

ಕನ್ನಡ ಕಡಲಿನ ಮಧ್ಯಾಹ್ನ

ಈಗ ಭೂಗೋಳವನ್ನು ತಿರುಗಿಸಿ ನೋಡಿ. ಪರ್ತ್ ದಕ್ಷಿಣಕ್ಕೆ 32 ಡಿಗ್ರಿಯಲ್ಲಿದೆ, ಉಡುಪಿ ಉತ್ತರಕ್ಕೆ 13 ಡಿಗ್ರಿಯಲ್ಲಿ. ಎರಡಕ್ಕೂ ಕಡಲು ಪಡುವಣದಲ್ಲಿ, ಎರಡೂ ಹಿಂದೂ ಮಹಾಸಾಗರದ ನೀರು. ನಮ್ಮಲ್ಲಿ ಗಾಳಿ ತನ್ನ ಬಲಕ್ಕೆ ವಾಲುತ್ತದೆ. ಹಾಗಾಗಿ ಪರ್ತ್‌ನಲ್ಲಿ ನೈಋತ್ಯದಿಂದ ಬರುವುದು ಮಲ್ಪೆಯಲ್ಲಿ ವಾಯವ್ಯದಿಂದ ಬರುತ್ತದೆ. ನಮ್ಮ ದಂಡೆ ವಾಯವ್ಯದ ಕಡೆಗೇ ತುಸು ಓರೆಯಾಗಿ ಚಾಚಿರುವುದರಿಂದ ಇಲ್ಲಿಯೂ ಗಾಳಿ ದಂಡೆಗುಂಟ ಹೋಗುತ್ತದೆ, ಅಲ್ಲಿ ಉತ್ತರಕ್ಕೆ, ಇಲ್ಲಿ ದಕ್ಷಿಣಕ್ಕೆ. ಭೂಮಧ್ಯರೇಖೆಗೆ ಹತ್ತಿರವಿರುವುದರಿಂದ ಭೂಮಿ ತಿರುಗುವ ಪರಿಣಾಮ ನಮ್ಮಲ್ಲಿ ಪರ್ತ್‌ನ ಅರ್ಧಕ್ಕಿಂತ ಕಡಿಮೆ, ಗಾಳಿಯೂ ಸಾಮಾನ್ಯವಾಗಿ ಅಷ್ಟು ಬಿರುಸಲ್ಲ. ಆದರೆ ಫೆಬ್ರವರಿಯಿಂದ ಮೇವರೆಗೆ ಮಧ್ಯಾಹ್ನ ಎರಡರ ಮೇಲೆ ಮಲ್ಪೆಯ ದಂಡೆಯಲ್ಲಿ ನಿಂತವರಿಗೆ ಸೇಂಟ್ ಮೇರೀಸ್ ದ್ವೀಪದ ಕಡೆ ಎದ್ದ ನೊರೆ ಕಾಣದೆ ಇರದು. ಮಲ್ಪೆಯಿಂದ ಕಾಪು ದೀಪಸ್ತಂಭ, ಅಲ್ಲಿಂದ ಪಡುಬಿದ್ರಿ, ಹೆಜಮಾಡಿ, ಮುಂದೆ ಶಾಂಭವಿ ನಂದಿನಿ ನದಿಗಳು ಕಡಲು ಸೇರುವ ಸಸಿಹಿತ್ಲು. ಡೌನ್‌ವಿಂಡ್ ಓಟಕ್ಕೆ ಇದಕ್ಕಿಂತ ಸೊಗಸಾದ ನಕ್ಷೆ ಬೇಕಿಲ್ಲ.

ಕಡಲಗಾಳಿಯನ್ನು ದಾರಿ ಮಾಡಿಕೊಳ್ಳುವುದು ಇಲ್ಲಿನವರಿಗೆ ಹೊಸದೂ ಅಲ್ಲ. ಯಂತ್ರ ಬರುವ ಮೊದಲು ನಮ್ಮ ಮೀನುಗಾರರು ನಸುಕಿನ ನೆಲಗಾಳಿಯಲ್ಲಿ ಹಾಯಿ ಬಿಚ್ಚಿ ಹೊರಗೆ ಹೋಗುತ್ತಿದ್ದರು, ಮಧ್ಯಾಹ್ನದ ಕಡಲಗಾಳಿಯಲ್ಲಿ ಮರಳುತ್ತಿದ್ದರು. ಈಗ ಮೂಲ್ಕಿಯಲ್ಲಿ ಸರ್ಫ್ ಕಲಿಸುವ ಮಂತ್ರ ಸರ್ಫ್ ಕ್ಲಬ್ ಇದೆ. 2024ರ ಮಾರ್ಚ್‌ನಲ್ಲಿ ಸಸಿಹಿತ್ಲುವಿನಲ್ಲಿ ಅಂತರರಾಷ್ಟ್ರೀಯ ಸ್ಟ್ಯಾಂಡ್ ಅಪ್ ಪ್ಯಾಡ್ಲಿಂಗ್ ಸ್ಪರ್ಧೆ ನಡೆದಿದೆ. ದಂಡೆಯ ಹುಡುಗ ಹುಡುಗಿಯರು ಬೋರ್ಡಿನ ಮೇಲೆ ನಿಂತು ದೇಶದ ಮಟ್ಟದಲ್ಲಿ ಗೆಲ್ಲುತ್ತಿದ್ದಾರೆ. ಅವರಿಗೆ ಬೇಸಿಗೆಯ ಮಧ್ಯಾಹ್ನದ ಈ ದಾರಿಯನ್ನೂ ತೋರಿಸಬೇಕೆಂಬುದು ನನ್ನ ಆಸೆ.

ಹಾಗೆ ಹೊರಡುವ ಮೊದಲು ನಮ್ಮ ಕಡಲಿನ ತೊಡಕುಗಳನ್ನು ನಮ್ಮ ಕಡಲಿನಲ್ಲೇ ತಿಳಿಯಬೇಕು. ಪರ್ತ್‌ನಲ್ಲಿ ಬಂಡೆಸಾಲು ಹೇಗೋ ಇಲ್ಲಿ ಬಲೆಗಳು ಹಾಗೆ. ಬಲೆಯ ಗುರುತಿನ ತೇಲುಗಳು ನೊರೆಯ ನಡುವೆ ಹತ್ತಿರ ಬರುವವರೆಗೂ ಕಾಣುವುದಿಲ್ಲ, ಚುಕ್ಕಾಣಿಗೆ ಸುತ್ತಿಕೊಂಡರೆ ದೋಣಿಗೂ ಕೇಡು, ಬಲೆಯ ಒಡೆಯನಿಗೂ ನಷ್ಟ. ಅಳಿವೆ ಬಾಗಿಲುಗಳಲ್ಲಿ ಇಳಿತದ ಹೊಳೆನೀರು ಎದುರು ಗಾಳಿಗೆ ಸಿಕ್ಕಾಗ ಅಲೆಗಳು ನೆಟ್ಟಗೆ ಎದ್ದು ಒಡೆಯುತ್ತವೆ. ಮೇ ಕೊನೆಗೆ ಕಡಲು ಕೆಡಲು ಶುರು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳೂ ದಡದಲ್ಲಿರುತ್ತವೆ, ಆ ಮಳೆಗಾಲದ ಕಡಲಿಗೆ ಸರ್ಫ್‌ಸ್ಕೀ ಇಳಿಸುವ ಮಾತೇ ಬೇಡ. ಯಾವ ತಿಂಗಳು ಯಾವ ಬಲೆ ಎಲ್ಲಿರುತ್ತದೆ, ಯಾವ ಅಳಿವೆ ಯಾವ ಹೊತ್ತಿಗೆ ದಾಟಬಹುದು, ವಾಯವ್ಯ ಗಾಳಿ ಯಾವ ಗಂಟೆಗೆ ಬಲಿಯುತ್ತದೆ, ಇದೆಲ್ಲ ಮಲ್ಪೆ, ಹೆಜಮಾಡಿಯ ಮೀನುಗಾರರಿಗೆ ಗೊತ್ತು. ನಮ್ಮ ಕರಾವಳಿಯ ಮೊದಲ ಡೌನ್‌ವಿಂಡ್ ಶಾಲೆಯಲ್ಲಿ ದೋಣಿ ಓಡಿಸಲು ಯಾರು ಕಲಿಸಿದರೂ ಸರಿ, ಕಡಲು ಓದಲು ಕಲಿಸುವ ಕೆಲಸ ಇವರಿಗೆ, ಸಂಬಳ ಸಮೇತ, ಸಿಗಬೇಕು.